ಕೆತ್ತದೆ ಉಳಿದ ಪಾರಿವಾಳ

ಅಕ್ರೋಟು ಮರದ ಕಪಾಟಿನ ಬಾಗಿಲ ಮೇಲೆ ಡೆಲ್ಫಿನ್‌ಳ ಬೆರಳು ತಡೆದು ನಿಂತಿತು. ಮದುವೆಗೆ ಕೊಡುವ ಕಪಾಟಿನ ಮೇಲೆ ಕೆತ್ತಿದ ಜೋಡಿ ಪಾರಿವಾಳ ಇರಲೇಬೇಕು. ಇಲ್ಲಿ ಒಂದೇ ಇತ್ತು. ಪಕ್ಕದಲ್ಲಿ ಕೆತ್ತದೆ ಬಿಟ್ಟ ಮರದ ಉಬ್ಬು.

"ಅತ್ತೆ, ನಾಳೆ ನನ್ ಮದುವೆ ಆದ್ಮೇಲೆ ಇದು ನನ್ ಜೊತೆ ಆರ್ಲ್‌ಗೆ ಬರುತ್ತಲ್ಲ. ಇನ್ನೊಂದನ್ನ ಯಾಕೆ ಕೆತ್ತಿಸ್ಲಿಲ್ಲ?"

"ನನ್ ಮದುವೆ ನಿಂತುಹೋದ ದಿನ ಕೆತ್ತೋನು ಉಳಿ ಹಿಡ್ಕೊಂಡು ಇಲ್ಲೇ ನಿಂತಿದ್ದ. ಇವತ್ತು ಬೇಡ, ಊಟ ಮಾಡ್ಕೊಂಡು ಹೋಗು, ಭಾನುವಾರ ಬಾ ಅಂದೆ," ಎಂದಳು ಸೋದರತ್ತೆ ಒನೊರಿನ್.

"ಬಂದನಾ?"

"ಪ್ರತಿ ಭಾನುವಾರ. ಕೆಲ್ಸ ಮುಗಿಸ್ಬಿಟ್ರೆ ಬರೋದಕ್ಕೆ ಈ ಪೆದ್ದನಿಗೆ ಇನ್ಯಾವ ನೆಪ ಇತ್ತು?"

ಮೇಜಿನಾಚೆ ಕೂತಿದ್ದ ಮುದಿ ಕೆತ್ತನೆಗಾರ ಗಾಸ್ಪಾರ್ ಬ್ರೆಡ್ಡಿನ ತುಂಡಿನಿಂದ ತಟ್ಟೆ ಒರೆಸುತ್ತಲೇ ಇದ್ದ. ತಲೆ ಎತ್ತದೆ ಕೇಳಿದ:

"ಭಾನುವಾರ ಆರ್ಲ್‌ಗೆ ಬಸ್ಸಿದ್ಯಾ?"

"ಕಪಾಟು ಹೋದ್ರೆ ಹೋಗ್ಲಿ," ಎಂದಳು ಒನೊರಿನ್. "ನೀನು ಇಲ್ಲಿಗೇ ಬಾ."