ಒಂದೇ ಹೆಸರಿನ ಇಬ್ಬರು

ತನ್ನ ಹೆಸರಿನಲ್ಲಿ ಇನ್ನೊಬ್ಬಳಿದ್ದಾಳೆಂಬ ಸುದ್ದಿ ಬಂದಾಗ ಹೆಡ್ ನರ್ಸ್ ವಾರ್ಡಿನಲ್ಲಿ ರೋಗಿಗಳ ಜ್ವರ ನೋಡಿ ಬರೆದುಕೊಳ್ಳುತ್ತಿದ್ದಳು.

"ವಿಚಿತ್ರ ನೋಡಿ ಸಿಸ್ಟರ್," ಎಂದ ಕಚೇರಿಯ ಗುಮಾಸ್ತ, ದನಿ ತಗ್ಗಿಸಿ. "ಹೆಸರು, ಹುಟ್ಟಿದ ದಿನ, ತಂದೆ ಹೆಸರು, ಸರ್ಟಿಫಿಕೇಟ್ ನಂಬರ್, ಎಲ್ಲಾ ನಿಮ್ಮದೇ. ಆ ಸರ್ಟಿಫಿಕೇಟಿನ ನಕಲು ಬೇಕು ಅಂತ ಯಾರೋ ಹೆಂಗಸು ಅರ್ಜಿ ಕೊಟ್ಟು ಹೋಗಿದ್ದಾರೆ. ಪೊಲೀಸರಿಗೆ ಹೇಳೋಣ್ವಾ?"

"ಬೇಡ. ನಾನೇ ನೋಡ್ಕೋತೀನಿ. ನೀವು ಯಾರ ಹತ್ರಾನೂ ಬಾಯಿ ಬಿಡಬೇಡಿ."

ಅರ್ಜಿಯ ಕೆಳಗೆ ವಿಳಾಸವಿತ್ತು. ಕದಿಯಲು ಬಂದವಳು ಇಷ್ಟು ದುಂಡಗೆ ವಿಳಾಸ ಬರೆದುಕೊಡುತ್ತಾಳೆಯೇ?

ಮಧ್ಯಾಹ್ನ ರಜೆ ಹಾಕಿ ಕೋಣೆಗೆ ಹೋಗಿ ಸೀರೆ ಬದಲಿಸಿದಳು. ಆಸ್ಪತ್ರೆಯ ಹಿಂಬದಿಯ ಆ ಕೋಣೆಯಲ್ಲಿ ಒಂದು ಮಂಚ, ಒಂದು ತಟ್ಟೆ, ಒಂದು ಲೋಟ. ಇಪ್ಪತ್ತೆರಡು ವರ್ಷಗಳಲ್ಲಿ ಎರಡನೆಯ ಲೋಟ ಬೇಕೆನಿಸಿರಲಿಲ್ಲ. ಯಾರಾದರೂ ಹೆಸರು ಹಿಡಿದು ಕರೆದರೆ ಅವಳು ಒಂದು ಗಳಿಗೆ ತಡೆದು ತಿರುಗುತ್ತಿದ್ದಳು. ಕಿವಿ ಸ್ವಲ್ಪ ಮಂದ ಎಂದು ಎಲ್ಲರೂ ತಿಳಿದಿದ್ದರು. ಹೊಸ ನರ್ಸುಗಳು ಸೇರಿದರೆ ಮೊದಲು ವಯಸ್ಸು ಕೇಳುತ್ತಿದ್ದಳು. ಇಪ್ಪತ್ತನಾಲ್ಕು ಎಂದವರನ್ನು ಈ ವರ್ಷ ಯಾವ ತಪ್ಪಿಗೂ ಗದರಿರಲಿಲ್ಲ.

ವಿಳಾಸದ ಮನೆ ಒಂದು ಓಣಿಯಲ್ಲಿ, ಮಹಡಿಯ ಮೇಲಿತ್ತು. ಹೊಲಿಗೆ ಯಂತ್ರದ ಸದ್ದು ಮೆಟ್ಟಿಲಿಗೇ ಕೇಳುತ್ತಿತ್ತು. ಕೊರಳಿಗೆ ಟೇಪು ಹಾಕಿಕೊಂಡ ಹುಡುಗಿಯೊಬ್ಬಳು ಬಾಗಿಲು ತೆರೆದು, "ಅಮ್ಮಾ, ನಿನ್ನನ್ನ ಕೇಳ್ಕೊಂಡು ಯಾರೋ ಬಂದಿದ್ದಾರೆ" ಎಂದು ಕೂಗಿ, ಮುಂದಿನ ಕೋಣೆಯಲ್ಲಿ ಯಂತ್ರದ ಮುಂದೆ ಮತ್ತೆ ಕುಳಿತಳು. ತನ್ನ ಹೆಸರು ಹೊತ್ತವಳಿಗೆ ಮಗಳೂ ಇದ್ದಾಳೆ. ಹೆಡ್ ನರ್ಸ್ ಅವಳನ್ನು ದಾಟಿ ಒಳಗೆ ಹೋದಳು.

ಒಳಕೋಣೆಯ ಹೆಂಗಸು ಬಟ್ಟೆಯ ರಾಶಿ ಸರಿಸಿ ಜಾಗ ಮಾಡಿದಳು. ತಲೆ ಪೂರ್ತಿ ನರೆತಿತ್ತು.

"ಕೂತ್ಕೋ. ನೀನು ಬರಲಿ ಅಂತಲೇ ಅರ್ಜಿ ಹಾಕಿದ್ದು."

ಹೆಡ್ ನರ್ಸ್ ಕೂರಲಿಲ್ಲ. "ನನ್ನ ರಿಟೈರ್‌ಮೆಂಟಿಗೆ ಮೂರೇ ವರ್ಷ ಇದೆ. ಈಗ ಬಂದು ನನ್ನ ಹೆಸರು..."

"ನಿನ್ನ ಹೆಸರಾ?" ಹೆಂಗಸು ನಕ್ಕಳು. "ನರ್ಸಿಂಗ್ ಓದಿದ್ದು ನಾನು. ನಾನು ಆಗ ಇದ್ದ ಆಸ್ಪತ್ರೆಲಿ ನೀನು ಆಯಾ. ಹೋಗೋಕೆ ಜಾಗ ಇಲ್ಲ ಅಂತ ಅಳ್ತಾ ಬಂದೆ, ನನ್ನ ಕೋಣೇಲಿ ಮಲಗಿಸ್ಕೊಂಡೆ. ಒಂದಿನ ಕೆಲಸ ಮುಗಿಸಿ ಬಂದರೆ ಪೆಟ್ಟಿಗೆಲಿ ನನ್ನ ಒಂದು ಕಾಗದಾನೂ ಇಲ್ಲ."

ಹೆಡ್ ನರ್ಸ್ ಹತ್ತಿರದ ಸ್ಟೂಲು ಎಳೆದು ಕೂತಳು. ಎಷ್ಟೋ ವರ್ಷ ಈ ಗಳಿಗೆಗೆ ಹೆದರಿದ್ದಳು. ಬಂದ ಮೇಲೆ ನೋಡಿದರೆ ಭಯಕ್ಕಿಂತ ಹೆಚ್ಚಾಗಿ ಹಗುರವೆನಿಸಿತು. ಕೊನೆಗೂ ಒಬ್ಬರಿಗೆ ತಾನು ಯಾರೆಂದು ಗೊತ್ತಿತ್ತು.

"ಪೊಲೀಸರನ್ನ ಕರೆಸ್ತೀಯಾ?"

"ಇಲ್ಲ. ಆ ಹೆಸರು ನೀನೇ ಇಟ್ಕೋ. ನನಗೆ ಈ ಹೊಲಿಗೇನೇ ಸಾಕು."

"ನಾನು ಎಲ್ಲಿದ್ದೀನಿ ಅಂತ ಯಾವಾಗ ಗೊತ್ತಾಯ್ತು?"

"ಹತ್ತು ವರ್ಷದ ಹಿಂದೆ. ನಿಮ್ಮ ಆಸ್ಪತ್ರೆಗೆ ಕಣ್ಣು ತೋರಿಸೋಕೆ ಬಂದಿದ್ದೆ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ದೂರು ಕೊಟ್ಟರೆ ನಿನ್ನನ್ನ ಹಿಡಿದು ತರ್ತಿದ್ದರು. ಬಂದವಳು ಬರಿಗೈಲಿ ಹೋಗ್ತಿದ್ದೆಯಾ? ಅದಕ್ಕೇ ಕಾದೆ. ಈಗ ಯಾರು ಕೇಳಿದರೂ ಕಿತ್ಕೊಂಡು ಹೋಗೋಕಾಗಲ್ಲ." ಹೆಂಗಸು ಮುಂದೆ ಬಾಗಿದಳು. "ಪೆಟ್ಟಿಗೆಯಿಂದ ಏನು ತಗೊಂಡೆ ಅಂತ ನಿನಗೆ ನೆನಪಿದೆ. ಹಾಸಿಗೆ ಮೇಲೆ ಮಲಗಿಸಿ ಬಿಟ್ಟು ಹೋದದ್ದು? ಎರಡು ವರ್ಷದ ಮಗು. ನೀನು ಬರ್ತೀಯ ಅಂತ ನಾಲ್ಕು ದಿನ ಬಾಗಿಲ ಹತ್ರಾನೇ ಕೂತಿತ್ತು."

ಹೆಡ್ ನರ್ಸ್ ಸೆರಗಿನಿಂದ ಕಣ್ಣೊತ್ತಿಕೊಂಡಳು. ಮುಂದಿನ ಕೋಣೆಯಲ್ಲಿ ಯಂತ್ರ ನಿಂತಿತು. ಹುಡುಗಿ ನೀರಿನ ಲೋಟ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡಳು.

"ಅಮ್ಮಾ," ಎಂದಳು ಅವಳು.

ಇಬ್ಬರೂ ಒಟ್ಟಿಗೇ ತಿರುಗಿದರು.

"ಯಾರಮ್ಮಾ ಇವರು? ಯಾಕೆ ಅಳ್ತಿದ್ದಾರೆ?"

"ಗೊತ್ತಿಲ್ಲ ಮಗಳೇ," ಎಂದು ಹೆಂಗಸು ಲೋಟ ತೆಗೆದುಕೊಂಡಳು. "ಪಾಪ, ಯಾರದೋ ಮನೆ ಅಂದ್ಕೊಂಡು ಇಲ್ಲಿಗೆ ಬಂದಿದ್ದಾರೆ."