ಮಗಳಿಗೊಂದು ಜೋಗುಳ

ಆಫೀಸಿನಿಂದ ಬಂದವನೇ ಅವನು ಮೈಕು ಹಿಡಿದು ಹೆಂಡತಿಯ ಸೀರೆಗಳ ಬೀರುವಿಗೆ ತಲೆ ತೂರಿಸುತ್ತಿದ್ದ. ಅಲ್ಲಿ ದನಿ ಗುಂಯ್‌ಗುಡುವುದಿಲ್ಲವಂತೆ. ಮೂರು ವರ್ಷದ ಮಗಳಿಗೆಂದು ತಾನೇ ಕಟ್ಟಿದ ಜೋಗುಳದ ರೆಕಾರ್ಡಿಂಗು. ಮನೆಯಲ್ಲಿ ಫ್ಯಾನು ಬಂದ್, ಮಿಕ್ಸಿ ಬಂದ್, ಮಾತೂ ಬಂದ್.

ಮಗಳು ಅಂಗಿ ಜಗ್ಗಿದಳು. “ಅಪ್ಪಾ, ನಿದ್ದೆ ಬಂತು.”

“ಶ್! ಬಾಯ್ಮುಚ್ಚು!”

“ರೀ, ಒಂಚೂರು ತಟ್ಟಿ ಮಲಗಿಸಬಾರ್ದಾ?” ಎಂದಳು ಹೆಂಡತಿ.

“ಅವಳಿಗೋಸ್ಕರಾನೇ ಅಲ್ವೇನೇ ನಾನಿಷ್ಟು ಒದ್ದಾಡ್ತಿರೋದು? ಆಚೆ ಕರ್ಕೊಂಡ್ಹೋಗು!”

ಅಂತೂ ಜೋಗುಳ ಸಿದ್ಧವಾಯಿತು. ಭಾನುವಾರ ನೆಂಟರನ್ನೆಲ್ಲ ಕೂರಿಸಿ, ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅವನು ಫೋನಿನಲ್ಲಿ ಹಾಡು ಹಾಕಿದ.

ಮಗಳು ದಡಕ್ಕನೆ ಎದ್ದು, ಹಾಡುತ್ತಿದ್ದ ಫೋನಿನ ಮೇಲೆ ಪುಟ್ಟ ಅಂಗೈ ಒತ್ತಿ ಪಿಸುಗುಟ್ಟಿದಳು: “ಶ್! ಸುಮ್ನಿರು, ಅಪ್ಪ ಬೈತಾರೆ!”