ಅಂಗಿಗಳ ಮೆತ್ತೆ

ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತ ಲಿಫ್ಟ್ ಮೆಕ್ಯಾನಿಕ್ ಮರುಕ್ಷಣವೇ ಎದ್ದು ನಿಂತ. ಗೊತ್ತಿಲ್ಲದೆ ಯಾರದೋ ತೊಡೆಯ ಮೇಲೆ ಕೂತುಬಿಟ್ಟವನಂತೆ ಅವನ ಮುಖ ಕೆಂಪೇರಿತ್ತು. “ಕ್ಷಮಿಸಿ,” ಎಂದ. ಯಾರಿಗೆ ಹೇಳಿದೆನೆಂದು ಅವನಿಗೇ ತಿಳಿಯಲಿಲ್ಲ.

“ಯಾಕಪ್ಪಾ, ಕೂತ್ಕೋ. ಇಲ್ಲಿ ಸಂಕೋಚ ಏನೂ ಬೇಡ,” ಎಂದಳು ಮುದುಕಿ. ಅವಳ ಕೈಯಲ್ಲಿ ಕ್ರೋಶಾ ಕಡ್ಡಿ ಆಡುತ್ತಲೇ ಇತ್ತು. ಪಟ್ಟಿ ಪಟ್ಟಿಯಾಗಿ ಕತ್ತರಿಸಿದ ಹಳೆಯ ಪರದೆಯೊಂದು ಪುಟ್ಟ ಬುಟ್ಟಿಯಾಗುತ್ತಿತ್ತು. ಅವನನ್ನು ಕರೆಸಿದವಳು ಅವಳೇ. ಸೊಸೆ ಕೆಲಸ ಮಾಡುವ ಹಲ್ಲಿನ ಆಸ್ಪತ್ರೆಗೆ ಲಿಫ್ಟ್ ನೋಡಿಕೊಳ್ಳಲು ಬರುವವನ ಮೇಲೆ ಅವಳಿಗೆ ಮನಸ್ಸಾಗಿರುವ ಸುದ್ದಿ ಕಿವಿಗೆ ಬಿದ್ದಾಗ ಅವಳು ಕೂಗಾಡಲಿಲ್ಲ. “ಚಿಕ್ಕ ವಯಸ್ಸು ನಿಂದು. ನನ್ನ ಮಗ ಹೋದ ಅಂತ ನೀನೂ ಅರ್ಧ ಸಾಯ್ಬೇಕಾ? ಮನೆಗೇ ಬರೋಕೆ ಹೇಳು,” ಎಂದಿದ್ದಳು.

“ಸಂಕೋಚ ಅಲ್ಲಮ್ಮ. ಮೆತ್ತೆ ಬೆಚ್ಚಗಿದೆ. ಈಗ ತಾನೇ ಯಾರೋ ಎದ್ದು ಹೋದ ಹಾಗೆ.” ಅಭ್ಯಾಸಬಲದಿಂದ ಅವನು ಬಗ್ಗಿ ಕುರ್ಚಿಯ ಅಡಿ ನೋಡಿದ. ಹೀಟರ್ ಇರಲಿಲ್ಲ, ವೈರು ಇರಲಿಲ್ಲ. ಕಿಟಕಿಯಾಚೆ ಮೋಡ ಮುಚ್ಚಿತ್ತು.

ಆ ಮೆತ್ತೆ ಮಗನ ಅಂಗಿಗಳದು. ಅವನು ಜ್ವರದಲ್ಲಿ ತೀರಿಕೊಂಡ ಮೇಲೆ ತಾಯಿ ಅವನ್ನೆಲ್ಲ ಬೆರಳಗಲಕ್ಕೆ ಕತ್ತರಿಸಿ, ತುದಿಗೆ ತುದಿ ಸೇರಿಸಿ ಉಂಡೆ ಸುತ್ತಿದ್ದಳು. ಕಾಲೊರಸು, ಲೋಟದಡಿ ಇಡುವ ಬಿಲ್ಲೆ, ಸಣ್ಣಪುಟ್ಟ ಬುಟ್ಟಿ ಎಲ್ಲ ಹೆಣೆದು ಅಕ್ಕಪಕ್ಕದವರಿಗೆ ಹಂಚಿದಳು. ಕೊನೆಗೆ ಉಳಿದ ನೀಲಿ ಚೌಕಳಿ ಉಂಡೆಯಲ್ಲಿ ಈ ಮೆತ್ತೆ ಮಾಡಿ, ಅವನು ಕೂರುತ್ತಿದ್ದ ಕುರ್ಚಿಯ ಮೇಲೆ ಹಾಸಿದಳು.

ಮುದುಕಿಯ ಕಡ್ಡಿ ನಿಂತಿತು. ಕಾಫಿ ತಟ್ಟೆ ಹಿಡಿದು ಬಂದ ಸೊಸೆಯ ಕಡೆ ತಿರುಗಿದಳು.

“ನೀನು ಕೂತಿದ್ಯೇನೇ ಅಲ್ಲಿ?”

“ಇಲ್ಲ ಅತ್ತೆ. ನಾನು ಅಡುಗೆಮನೇಲಿದ್ದೆ.” ಸೊಸೆ ತಡವರಿಸಿದಳು. “ನೀವು ಕೂರ್ತೀರಿ ಅಲ್ವಾ, ದಿನಾ? ಬೆಳಿಗ್ಗೆ ಧೂಳು ಹೊಡೆಯುವಾಗ ಯಾವಾಗ್ಲೂ ಬೆಚ್ಚಗಿರತ್ತೆ. ನಿಮಗೆ ಬೇಜಾರಾದೀತು ಅಂತ ನಾನು ಕೇಳಿರಲಿಲ್ಲ.”

“ನಾನು ಅದರ ಮೇಲೆ ಒಂದು ದಿನವೂ ಕೂತಿಲ್ಲ ಮಗಳೇ. ಗಂಡನ ನೆನಪಾಗಿ ನೀನೇ ಕೂರ್ತೀಯ ಅಂದ್ಕೊಂಡು, ಹುಣ್ಣು ಕೆದಕೋದು ಬೇಡ ಅಂತ ಸುಮ್ಮನಿದ್ದೆ.”

ಮೂವರೂ ಕುರ್ಚಿಯನ್ನು ನೋಡಿದರು. ಮೆತ್ತೆಯ ನಡುಭಾಗ ತಗ್ಗಾಗಿತ್ತು. ಅಲ್ಲಿಯ ಹೆಣಿಗೆಯ ಕಣ್ಣುಗಳು ಭಾರಕ್ಕೆ ಹಿಗ್ಗಿ ನಿಂತಿದ್ದವು. ಮೆಕ್ಯಾನಿಕ್ ಸೊಸೆಯ ಕೈಯಿಂದ ತಟ್ಟೆಯನ್ನು ಮೆಲ್ಲನೆ ತೆಗೆದುಕೊಂಡು ಮೇಜಿನ ಮೇಲಿಟ್ಟ. “ನಾನು ಇನ್ನೊಂದು ದಿನ ಬರ್ತೀನಮ್ಮ,” ಎಂದ.

“ಬೇಡ. ಬಂದವರು ಕೂರದೆ ನಿಂತ್ಕೊಂಡೇ ಹೋಗಬಾರದು.” ಮುದುಕಿ ಮೊಣಕಾಲು ಹಿಡಿದುಕೊಂಡು ಎದ್ದು ಕುರ್ಚಿಯ ಹತ್ತಿರ ಹೋದಳು. ಕುರ್ಚಿಯ ಬೆನ್ನಿನ ಮೇಲೆ, ಹೆಗಲಿರಬಹುದಾದಷ್ಟು ಎತ್ತರದಲ್ಲಿ, ಅವಳ ಅಂಗೈ ಗಾಳಿಯಲ್ಲೇ ನಿಂತಿತು. ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುವ ದನಿಯಲ್ಲಿ ಹೇಳಿದಳು: “ಏಳಪ್ಪಾ, ಕಂದ. ಸಾಕು. ನೀನು ಏಳದಿದ್ರೆ ಇವಳು ಮುಂದಕ್ಕೆ ಹೋಗೋದು ಹೇಗೆ?”

ತಗ್ಗಾಗಿದ್ದ ಹೆಣಿಗೆ ನಡುವಿನಿಂದ ಅಂಚಿನವರೆಗೆ ನಿಧಾನವಾಗಿ ಮೇಲೆದ್ದು ಸಮವಾಯಿತು.

“ಬಾಗಿಲು ತೆಗಿಯೇ,” ಎಂದಳು ಮುದುಕಿ. ಸೊಸೆ ಹೋಗಿ ಬಾಗಿಲು ತೆಗೆದಳು. ತೆಗೆದವಳು ಏನನ್ನು ಕಂಡಳೋ, ಸೆರಗೂ ತಾಗದಿರಲಿ ಎಂಬಂತೆ ಬಟ್ಟೆಯನ್ನು ಒತ್ತಿ ಹಿಡಿದು ಗೋಡೆಗೆ ಆತುಕೊಂಡು ದಾರಿ ಬಿಟ್ಟಳು. ಅವಳ ಕೆನ್ನೆಯ ಮೇಲಿನ ಕೂದಲು ಒಂದಿಷ್ಟು ಅಲುಗಿತು. ಆಮೇಲೆ ಅವಳು ಬಿಕ್ಕಿದಳು.

ಮೆಕ್ಯಾನಿಕ್ ಬಾಗಿಲು ಮುಚ್ಚಲು ಕೈ ಚಾಚಿದ. ಮುದುಕಿ ಅವನ ತೋಳು ಹಿಡಿದು ತಡೆದಳು.

“ಸ್ವಲ್ಪ ತಡಿಯಪ್ಪಾ. ಅವನು ಮೆಟ್ಟಿಲು ಇಳೀಲಿ.”